ಬಚ್ಚಲು ಒಡೆಸುವ ಮುಂಚೆ ಬಿಸಿನೀರಿನ ಲೆಕ್ಕ ನೋಡಿ

ಬಚ್ಚಲು ಮನೆ ರಿಪೇರಿ ಬಗ್ಗೆ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಖರ್ಚು ಕೈಮೀರಬಾರದು, ನೀರು, ಕರೆಂಟು, ಸೌದೆ ಉಳಿಯಬೇಕು ಅನ್ನುವುದು ಎಲ್ಲರ ಆಸೆ. ಬಹಳ ಜನ ಟೈಲ್ಸ್ ವಿಷಯದಿಂದ ಶುರು ಮಾಡಿದ್ದಾರೆ. ನಾನು ಬಿಸಿನೀರಿನಿಂದ ಶುರು ಮಾಡುತ್ತೇನೆ. ತಿಂಗಳು ತಿಂಗಳು ದುಡ್ಡು ಹೋಗುವುದು ಅಲ್ಲೇ.

ಪ್ರಶ್ನೆ: ಹಾಸನದ ವಿದ್ಯಾನಗರದಲ್ಲಿ ನಮ್ಮದು 25 ವರ್ಷದ ಹಳೇ ಮನೆ. ಬಚ್ಚಲು 6 ಅಡಿಗೆ 5 ಅಡಿ. ಮನೆಯಲ್ಲಿ ನಾಲ್ಕು ಜನ. ಟೈಲ್ಸ್ ಮಂಕಾಗಿವೆ, ಒಂದು ನಲ್ಲಿ ತೊಟ್ಟಿಕ್ಕುತ್ತದೆ. ಎಲ್ಲ ಒಡೆದು ಹೊಸದು ಮಾಡಬೇಕು, ಒಂದೂವರೆ ಲಕ್ಷ ಆಗುತ್ತೆ ಅಂತಾರೆ ಮೇಸ್ತ್ರಿ. ನಮ್ಮ ಕೈಲಿರೋದು 60 ಸಾವಿರ. ಪರಿಸರಕ್ಕೂ ಒಳ್ಳೆಯದಾಗುವ ಹಾಗೆ ಏನು ಮಾಡಬಹುದು? ಗೃಹಜ್ಯೋತಿ ಇರೋದರಿಂದ ಕರೆಂಟಿನ ಚಿಂತೆ ಇಲ್ಲ.
ಗೃಹಿಣಿ, ಹಾಸನ

ಉತ್ತರ: ಮೇಡಂ, ನಿಮ್ಮ ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಅಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ ನಿಮ್ಮ ಪಾಲು ಗೊತ್ತುಮಾಡಿದ್ದಾರೆ. ತೀರಾ ಕಡಿಮೆ ಬಳಸುವ ಮನೆಗಳಿಗೆ ಲೆಕ್ಕ ಸ್ವಲ್ಪ ಬೇರೆ. ಪಾಲು ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿತೋ, ಆ ತಿಂಗಳ ಇಡೀ ಬಿಲ್ ನಿಮ್ಮ ತಲೆ ಮೇಲೆ. ಹಾಗಾಗಿ ಹೊಸ ಬಚ್ಚಲಿಗೆ ಅಂತ ದೊಡ್ಡ ಶವರ್, ದೊಡ್ಡ ಗೀಸರ್ ಹಾಕಿಸಿದವರಿಗೆ ಚೆಸ್ಕ್‌ನ ಕರೆಂಟ್ ಬಿಲ್ ನೋಡಿದಾಗಲೇ ವಿಷಯ ಗೊತ್ತಾಗುವುದು.

ಲೆಕ್ಕ ಸುಲಭ. ಒಬ್ಬರು ಒಂದು ಬಕೆಟ್, ಅಂದರೆ 20 ಲೀಟರ್ ನೀರು ಸ್ನಾನ ಮಾಡುತ್ತಾರೆ ಅನ್ನಿ. ನಲ್ಲಿ ನೀರು 20 ಡಿಗ್ರಿ, ಸ್ನಾನಕ್ಕೆ ಬೇಕಾದ್ದು 40 ಡಿಗ್ರಿ. ಇಷ್ಟು ಬಿಸಿ ಮಾಡಲು ಹೆಚ್ಚು ಕಮ್ಮಿ ಅರ್ಧ ಯೂನಿಟ್ ಬೇಕು. ನಾಲ್ಕು ಜನಕ್ಕೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಅದೇ ಮನೆಯಲ್ಲಿ ನಿಮಿಷಕ್ಕೆ 10 ಲೀಟರ್ ಬಿಡುವ ಶವರ್ ಹಾಕಿ ಒಬ್ಬೊಬ್ಬರು 8 ನಿಮಿಷ ನಿಂತರೆ ತಲೆಗೆ 80 ಲೀಟರ್ ಆಯಿತು. ಆಗ ದಿನಕ್ಕೆ 8 ಯೂನಿಟ್, ತಿಂಗಳಿಗೆ 240. ಸ್ನಾನವೊಂದೇ 200ರ ಗೆರೆ ದಾಟಿಸಿಬಿಡುತ್ತದೆ! ಫ್ರಿಜ್ಜು, ಮಿಕ್ಸಿ, ಫ್ಯಾನು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಅದಕ್ಕೇ ನಿಮ್ಮ 60 ಸಾವಿರದಲ್ಲಿ ದೊಡ್ಡ ಪಾಲು ಬಿಸಿನೀರಿಗೆ ಎತ್ತಿಡಿ. ನಿಮ್ಮ ತಾರಸಿ ಮೇಲೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೆರಳು ಬೀಳದಿದ್ದರೆ ಸೋಲಾರ್ ವಾಟರ್ ಹೀಟರ್ ಹಾಕಿಸಿ. ನಾಲ್ಕು ಜನ ಬಕೆಟ್ ಸ್ನಾನ ಮಾಡುವ ಮನೆಗೆ ಎಷ್ಟೋ ಸಲ 100 ಲೀಟರಿನದು ಸಾಕಾಗುತ್ತದೆ, ಯಾಕೆಂದರೆ 60 ಡಿಗ್ರಿ ನೀರಿಗೆ ತಣ್ಣೀರು ಬೆರೆಸಿದರೆ ಅದು ದುಪ್ಪಟ್ಟಾಗುತ್ತದೆ. ಶವರ್ ಬೇಕೇ ಬೇಕು, ನೆಂಟರಿಷ್ಟರು ಜಾಸ್ತಿ ಅಂದರೆ 200 ಲೀಟರಿನದು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು. ಅಂಗಡಿಯವರು ಸಬ್ಸಿಡಿ ಅಂತ ಏನಾದರೂ ಹೇಳಿದರೆ ಒಂದು ವಿಷಯ ಗೊತ್ತಿರಲಿ: ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3ಕ್ಕೆ 78 ಸಾವಿರ ಅಂತ ಕೊಡುವುದು ತಾರಸಿ ಮೇಲೆ ಕರೆಂಟು ತಯಾರಿಸುವ ಪ್ಯಾನೆಲ್‌ಗೆ. ನೀರು ಕಾಯಿಸುವ ಸೋಲಾರ್‌ಗೆ ಅದು ಸಿಗುವುದಿಲ್ಲ.

ತಾರಸಿಯಿಂದ ಬಚ್ಚಲಿಗೆ ಬರುವ ಬಿಸಿನೀರಿನ ಪೈಪು ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು. ಮುಕ್ಕಾಲು ಇಂಚಿನ 15 ಮೀಟರ್ ಪೈಪಿನ ಹೊಟ್ಟೆಯಲ್ಲಿ ಸುಮಾರು ನಾಲ್ಕು ಲೀಟರ್ ನೀರು ನಿಂತಿರುತ್ತದೆ. ರಾತ್ರಿ ಅದು ತಣ್ಣಗಾಗುತ್ತದೆ, ಬೆಳಿಗ್ಗೆ ನಾವು ನಲ್ಲಿ ತಿರುಗಿಸಿ ಬಿಸಿ ಬರುವ ತನಕ ಸುಮ್ನೆ ಮೋರಿಗೆ ಬಿಡುತ್ತೇವೆ. ಆ ನೀರನ್ನು ಬಕೆಟ್ಟಿಗೆ ಹಿಡಿಯಿರಿ. ಪೈಪಿಗೆ ಸುತ್ತುವ ಕಪ್ಪು ಫೋಮ್ ತೋಳು ಸಿಗುತ್ತದೆ, ತಪ್ಪದೆ ಹಾಕಿಸಿ. ಬಿಸಿನೀರಿಗೆ ಸಿಪಿವಿಸಿ ಪೈಪೇ ಆಗಬೇಕು. ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗಿ ಜೋಲು ಬೀಳುತ್ತದೆ.

ಇನ್ನು ಆ ತೊಟ್ಟಿಕ್ಕುವ ನಲ್ಲಿ. ಅದರ ಕೆಳಗೆ ಒಂದು ಲೀಟರಿನ ಚೊಂಬು ಇಟ್ಟು ಗಡಿಯಾರ ನೋಡಿ. ಒಂದು ಗಂಟೆಗೆ ತುಂಬಿತು ಅಂದರೆ ದಿನಕ್ಕೆ 24 ಲೀಟರ್, ತಿಂಗಳಿಗೆ 720 ಲೀಟರ್ ಗೊರೂರಿನಿಂದ ಬಂದ ಹೇಮಾವತಿ ನೀರು ಮೋರಿ ಪಾಲು. ಬಹಳ ಸಲ ಒಂದು ವಾಷರ್ ಬದಲಿಸಿದರೆ ನಿಂತುಹೋಗುತ್ತದೆ.

ಟೈಲ್ಸ್ ವಿಷಯಕ್ಕೆ ಬಂದರೆ, ಒಡೆಯುವುದನ್ನು ಆದಷ್ಟು ತಪ್ಪಿಸಿ. ನಿಮ್ಮ ಬಚ್ಚಲಿನ ಗೋಡೆಗೆ 7 ಅಡಿ ತನಕ, ಜೊತೆಗೆ ನೆಲಕ್ಕೆ ಹಾಕಿರುವ ಟೈಲ್ಸ್, ಅದರ ಹಿಂದಿನ ಗಾರೆ ಎಲ್ಲ ಕಿತ್ತರೆ ಸುಮಾರು ಒಂದು ಟನ್ ಕಸ ಬರುತ್ತದೆ. ಅದನ್ನು ಒಡೆಯಲು ಕೂಲಿ, ಹೊರಲು ಕೂಲಿ, ಸಾಗಿಸಲು ಟ್ರ್ಯಾಕ್ಟರ್. ಕೊನೆಗೆ ಅದು ಯಾವುದೋ ಖಾಲಿ ಸೈಟಿಗೋ ಕೆರೆ ಅಂಚಿಗೋ ಹೋಗಿ ಬೀಳುತ್ತದೆ, ಮತ್ತೆ ಅಷ್ಟೇ ಸಿಮೆಂಟು ಮರಳು ತಂದು ಗೋಡೆಗೆ ಮೆತ್ತಬೇಕು. ಇದರಲ್ಲಿ ಪರಿಸರಕ್ಕೆ ಒಳ್ಳೆಯದು ಯಾವುದೂ ಇಲ್ಲ. ಒಂದು ನಾಣ್ಯ ತೆಗೆದುಕೊಂಡು ಪ್ರತಿ ಟೈಲ್ಸ್ ಮೇಲೂ ತಟ್ಟುತ್ತಾ ಹೋಗಿ. ಟಕ್ ಟಕ್ ಅಂತ ಗಟ್ಟಿ ಸದ್ದು ಬಂದರೆ ಅದು ಗೋಡೆ ಹಿಡಿದುಕೊಂಡಿದೆ. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತು ಹಾಕಿದವನ್ನಷ್ಟೇ ಕಿತ್ತು ಗಾರೆ ತುಂಬಿಸಿ, ಮಿಕ್ಕದ್ದರ ಮೇಲೆ ಟೈಲ್ಸ್ ಅಂಟು ಬಳಸಿ ಹೊಸ ಟೈಲ್ಸ್ ಕೂರಿಸಬಹುದು. ಆಗ ನೆಲ ಅರ್ಧ ಇಂಚು ಏರುತ್ತದೆ. ಬಾಗಿಲ ಅಡಿ ತಾಗುತ್ತದಾ, ನೀರು ಹೋಗುವ ನಹಾನಿ ಟ್ರ್ಯಾಪಿನ ಮಟ್ಟಕ್ಕೆ ಸರಿ ಬರುತ್ತದಾ ಅಂತ ಮೊದಲೇ ನೋಡಿಕೊಳ್ಳಿ. 6 ಅಡಿ ಉದ್ದಕ್ಕೆ ಒಂದು ಇಂಚಿನಷ್ಟು ಇಳಿಜಾರು ಇರಲಿ.

ಇನ್ನೂ ದುಡ್ಡು ಉಳಿಸಬೇಕು ಅಂದರೆ ಟೈಲ್ಸ್ ಬದಲಿಸಲೇಬೇಡಿ. ಸಂದುಗಳ ಹಳೇ ಗ್ರೌಟ್ ಕೆರೆದು ಹೊಸದು ತುಂಬಿಸಿದರೆ ಬಚ್ಚಲು ಅರ್ಧಕ್ಕರ್ಧ ಹೊಸದಾಗಿ ಕಾಣುತ್ತದೆ. ಒಂದೇ ಎಚ್ಚರಿಕೆ ಹೇಳುತ್ತೇನೆ. ಗೋಡೆ ಆಚೆ ಬದಿ ತೇವ ಕಾಣುತ್ತಿದ್ದರೆ ಇದು ಯಾವುದೂ ನಡೆಯಲ್ಲ. ಆಗ ಒಳಗಿನ ಪೈಪು ಸೋರುತ್ತಿದೆಯಾ ನೋಡಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಒಂದು ದಿನ ಪೂರ್ತಿ ನೀರು ನಿಲ್ಲಿಸಿ ಪರೀಕ್ಷೆ ಮಾಡಿದ ಮೇಲೆಯೇ ಟೈಲ್ಸ್ ಮಾತು.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟದ ಮನೆ. ತಾತನ ಕಾಲದ ಹಂಡೆ ಒಲೆ ಇದೆ. ಸೌದೆ ತೋಟದಲ್ಲೇ ಸಿಗುತ್ತದೆ. ಮಗ ಬೆಂಗಳೂರಿನಿಂದ ಬಂದಾಗೆಲ್ಲ ಇದನ್ನು ತೆಗೆಸಿ ಸೋಲಾರ್ ಹಾಕಿಸಿ ಅಂತಾನೆ. ಮಳೆಗಾಲ ಪೂರ್ತಿ ಬಿಸಿಲೇ ಇಲ್ಲದ ಕಡೆ ಸೋಲಾರ್ ಯಾಕೆ ಅಂತ ನಾನು. ಯಾರು ಸರಿ?
ತೋಟದ ಮಾಲೀಕರು, ಮೂಡಿಗೆರೆ ತಾಲ್ಲೂಕು

ಉತ್ತರ: ಯಜಮಾನರೇ, ಇಬ್ಬರ ಮಾತಲ್ಲೂ ನ್ಯಾಯ ಇದೆ. ಜೂನಿನಿಂದ ಸೆಪ್ಟೆಂಬರ್ ತನಕ ನಿಮ್ಮ ಕಡೆ ಸೋಲಾರ್ ಒಂದನ್ನೇ ನಂಬಿ ಕೂರುವ ಹಾಗಿಲ್ಲ. ಆದರೆ ನವೆಂಬರ್‌ನಿಂದ ಮೇ ತನಕ ಬಿಸಿಲು ಚೆನ್ನಾಗೇ ಇರುತ್ತದೆ, ಆ ಏಳು ತಿಂಗಳು ಸೌದೆ ಉರಿಸುವುದು ದಂಡ. ಹಂಡೆ ತೆಗೆಯಬೇಡಿ. ಸೋಲಾರ್ ಹಾಕಿಸಿ, ಅದರ ನೀರು ಹಂಡೆಗೆ ಬಂದು ಬೀಳುವ ಹಾಗೆ ಒಂದು ಪೈಪು ಎಳೆಸಿ. ಬಿಸಿಲಿದ್ದ ದಿನ ನೇರ ಸ್ನಾನಕ್ಕೆ, ಮೋಡದ ದಿನ ಹಂಡೆಗೆ. ಮೋಡ ಕವಿದ ದಿನವೂ ಸೋಲಾರ್ ನೀರು 30 ಡಿಗ್ರಿಗೆ ಬಂದಿದ್ದರೆ, 20ರಿಂದ 40ಕ್ಕೆ ಏರಿಸುವ ಕೆಲಸದಲ್ಲಿ ಅರ್ಧ ಆಗಲೇ ಮುಗಿದಿರುತ್ತದೆ. ಹಾಗೇ ಸೌದೆಯೂ ಅರ್ಧ ಸಾಕು.

ನಿಮ್ಮ ಕಡೆಗೆ ಯಾವ ಸೋಲಾರ್ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಗಾಜಿನ ಟ್ಯೂಬಿನದು ಚಳಿಗೆ, ಮಬ್ಬು ಬಿಸಿಲಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಬೆಲೆಯೂ ಸ್ವಲ್ಪ ಕಮ್ಮಿ. ಆದರೆ ತೋಟದ ಮನೆ ಅಂದರೆ ಮಂಗಗಳ ಕಾಟ ಇದ್ದೇ ಇರುತ್ತದೆ ಅಲ್ವಾ? ಹಾರಿ ಹಾರಿ ಟ್ಯೂಬ್ ಒಡೆದು ಹಾಕುತ್ತವೆ. ಕಾಟ ಜಾಸ್ತಿ ಇದ್ದರೆ ಗಟ್ಟಿ ಗಾಜಿನ ಫ್ಲಾಟ್ ಪ್ಲೇಟ್ ಪ್ಯಾನೆಲ್ಲೇ ಮೇಲು. ಟ್ಯೂಬಿನದೇ ಹಾಕಿಸಿದರೆ ನೆನಪಿಡಿ, ಟ್ಯಾಂಕು ಖಾಲಿಯಾಗಿ ಟ್ಯೂಬುಗಳು ಒಣಗಿ ಕಾದಿರುವಾಗ ಮಧ್ಯಾಹ್ನ ತಣ್ಣೀರು ಬಿಟ್ಟರೆ ಗಾಜು ಪಟಾರನೆ ಸೀಳುತ್ತದೆ. ಬೆಳಗಿನ ಜಾವವೋ ಸೂರ್ಯ ಮುಳುಗಿದ ಮೇಲೋ ತುಂಬಿಸಿ. ಮನೆ ಸುತ್ತ ಸಿಲ್ವರ್ ಓಕ್ ಎತ್ತರಕ್ಕೆ ಬೆಳೆದಿದ್ದರೆ ಡಿಸೆಂಬರ್ ತಿಂಗಳ ನೆರಳು ಎಲ್ಲಿಗೆ ಬೀಳುತ್ತದೆ ಅಂತ ನೋಡಿ ಜಾಗ ಹಿಡಿಯಿರಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ.

ಇನ್ನು ಹಂಡೆ ಒಲೆ. ಇದನ್ನು ಯಾರೂ ರಿಪೇರಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ನನಗೆ ಅದೇ ಬೇಸರ. ಬಚ್ಚಲಿಗೆ ಗ್ರಾನೈಟ್ ಹಾಕಿಸಿದ ಮನೆಯಲ್ಲೂ ಒಲೆ ಬಾಯಿ ಮಾತ್ರ ಅಗಲಕ್ಕೆ ತೆರೆದೇ ಇರುತ್ತದೆ, ಬೆಂಕಿಯ ಅರ್ಧ ಶಾಖ ಹೊರಗೆ, ಹೊಗೆ ಪೂರ್ತಿ ಒಳಗೆ. ಬೆಳಿಗ್ಗೆ ಎದ್ದು ಆ ಹೊಗೆಯಲ್ಲಿ ಊದುತ್ತಾ ಕೂರುವವರು ಮನೆಯ ಹೆಂಗಸರು. ಅವರ ಕಣ್ಣು, ಅವರ ಎದೆ ಹಾಳಾಗುತ್ತದೆ. ಒಲೆ ಬಾಯಿ ಕಿರಿದು ಮಾಡಿಸಿ. ಸೌದೆ ನೆಲಕ್ಕೆ ತಾಗದಂತೆ ಕಬ್ಬಿಣದ ಜಾಲರಿ ಹಾಕಿಸಿದರೆ ಅಡಿಯಿಂದ ಗಾಳಿ ಆಡಿ ಚೆನ್ನಾಗಿ ಉರಿಯುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಬೆಂಕಿ ಹಂಡೆಯ ಸುತ್ತ ಒಂದು ಸುತ್ತು ಬಂದು ಹಿಂದಿನಿಂದ ಹೊಗೆಗೂಡಿಗೆ ಹೋಗುವ ಹಾಗೆ ದಾರಿ ಮಾಡಿಸಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ಶುರುವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಇದೇ ತತ್ವದ ಮೇಲೆ ನಿಂತದ್ದು. ಹಳೇ ಮೇಸ್ತ್ರಿಗಳಿಗೆ ಅದರ ಹೆಸರು ಹೇಳಿದರೆ ಅರ್ಥವಾಗುತ್ತದೆ. ಹಂಡೆಗೆ ಮುಚ್ಚಳ ಬೇಕೇ ಬೇಕು. ಸೌದೆ ಒಣಗಿರಬೇಕು. ಹಸಿ ಸೌದೆ ಉರಿಸಿದರೆ ಮೊದಲು ಅದರೊಳಗಿನ ನೀರನ್ನು ಆವಿ ಮಾಡಲಿಕ್ಕೇ ಬೆಂಕಿ ಖರ್ಚಾಗುತ್ತದೆ. ಕಾಫಿ ಗಿಡ ಸವರಿದಾಗ ಸಿಕ್ಕ ರೆಂಬೆ, ಹಳೇ ಬೊಡ್ಡೆ ಎಲ್ಲ ಬೇಸಿಗೆಯಲ್ಲೇ ಕೊಟ್ಟಿಗೆ ಮಾಡಿನಡಿ ಸೇರಲಿ.

ಪ್ರಶ್ನೆ: ಚಿಕ್ಕಮಗಳೂರು ಪೇಟೆಯಲ್ಲಿ ನಮ್ಮ ಮನೆ. ಅತ್ತೆಗೆ ಮಂಡಿ ನೋವು, ಇಂಡಿಯನ್ ಟಾಯ್ಲೆಟ್ ತೆಗೆದು ಕಮೋಡ್ ಹಾಕಿಸಬೇಕು. ಇನ್ನೊಂದು ಬಾತ್‌ರೂಮಿನಲ್ಲಿ ಹಳೇ ಕಮೋಡ್ ಇದೆ, ಒಂದು ಸಲ ಫ್ಲಶ್ ಮಾಡಿದರೆ 10 ಲೀಟರ್ ಹೋಗುತ್ತದೆ. ಬೇಸಿಗೆ ಬಂದರೆ ನೀರಿಗೆ ಪರದಾಟ. ಏನು ಮಾಡಲಿ?
ಓದುಗರು, ಚಿಕ್ಕಮಗಳೂರು

ಉತ್ತರ: ಅತ್ತೆಯವರದು ಮೊದಲು. ಅಂಗಡಿಗೆ ಹೋಗುವ ಮುಂಚೆ ಒಂದು ಅಳತೆ ತೆಗೆದುಕೊಳ್ಳಿ: ಹಿಂದಿನ ಗೋಡೆಯಿಂದ ನೆಲದಲ್ಲಿರುವ ಮಲದ ಪೈಪಿನ ನಡುವಿಗೆ ಎಷ್ಟು ಇಂಚು. 9 ಇಂಚಾ, 12 ಇಂಚಾ ಅಂತ ಗೊತ್ತಿದ್ದರೆ ಅದಕ್ಕೆ ಹೊಂದುವ ಎಸ್ ಟ್ರ್ಯಾಪ್ ಕಮೋಡ್ ತರಬಹುದು, ನೆಲ ಜಾಸ್ತಿ ಒಡೆಯುವುದು ತಪ್ಪುತ್ತದೆ. ಪೈಪು ಗೋಡೆಯೊಳಗೆ ಹೋಗುತ್ತಿದ್ದರೆ ಪಿ ಟ್ರ್ಯಾಪ್. ಗೋಡೆಗೆ ನೇತು ಹಾಕುವ ಕಮೋಡ್ ನೋಡಲು ಚೆಂದ, ಆದರೆ ಅದರ ಟ್ಯಾಂಕು ಗೋಡೆಯೊಳಗೆ ಹುದುಗಿರುತ್ತದೆ, ಕೆಟ್ಟರೆ ಗೊತ್ತಿರುವ ಪ್ಲಂಬರೇ ಬೇಕು. ಹಳೇ ಮನೆಗೆ ನೆಲದ ಮೇಲೆ ಕೂರುವುದೇ ಸಾಕು. ಪಕ್ಕದ ಗೋಡೆಗೆ ಗಟ್ಟಿಯಾದ ಸ್ಟೀಲ್ ಹಿಡಿಕೆ ಒಂದು ಹಾಕಿಸಿ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಆಗುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ಎರಡು ಗುಂಡಿಯ ಫ್ಲಶ್ ಇರುವುದನ್ನೇ ಕೊಳ್ಳಿ. ಮೂತ್ರಕ್ಕೆ 3 ಲೀಟರ್, ಮಲಕ್ಕೆ 6 ಲೀಟರ್. ಮನೆಯಲ್ಲಿ ನಾಲ್ಕು ಜನ, ತಲೆಗೆ ಐದು ಸಲ, ಅದರಲ್ಲಿ ಒಂದು ಸಲ ಮಲಕ್ಕೆ ಅಂದರೆ ಹಳೆಯದರಲ್ಲಿ ದಿನಕ್ಕೆ 200 ಲೀಟರ್, ಹೊಸದರಲ್ಲಿ 72. ದಿನಕ್ಕೆ 128 ಲೀಟರ್ ಉಳಿತಾಯ. ಕುಡಿಯಲಿಕ್ಕೆ ಅಂತ ಹಿರೇಕೊಳಲೆ ಕೆರೆಯಿಂದಲೋ ಯಗಚಿಯಿಂದಲೋ ತಂದು, ಶುದ್ಧ ಮಾಡಿ, ಪಂಪು ಮಾಡಿ ಮನೆಗೆ ಕೊಟ್ಟ ನೀರನ್ನು ನಾವು ಹೀಗೆ ಗುಂಡಿಗೆ ಸುರಿಯುತ್ತೇವಲ್ಲ, ಅದು ನನಗೆ ತುಂಬಾ ಸಂಕಟದ ವಿಷಯ.

ಕಮೋಡ್ ಮತ್ತು ಟ್ಯಾಂಕ್ ಒಂದೇ ಜೋಡಿ ಆಗಿರಲಿ. ಹಳೇ ಕಮೋಡ್ ಹಾಗೇ ಇಟ್ಟು 6 ಲೀಟರಿನ ಟ್ಯಾಂಕ್ ಮಾತ್ರ ಹಾಕಿಸಿದರೆ, ಅದರ ಒಳಗಿನ ತಿರುವುಗಳು 10 ಲೀಟರ್ ರಭಸಕ್ಕೆ ಅಂತ ಮಾಡಿದ್ದರಿಂದ ಒಂದೇ ಸಲಕ್ಕೆ ಹೋಗುವುದಿಲ್ಲ. ಎರಡು ಸಲ ಒತ್ತಬೇಕು, ಅಲ್ಲಿಗೆ ಉಳಿತಾಯ ಮುಗಿಯಿತು. ಹಳೆಯದರಲ್ಲಿ ಸದ್ಯಕ್ಕೆ ಒಂದು ಲೀಟರ್ ಬಾಟಲಿಗೆ ನೀರು ತುಂಬಿ ಮುಚ್ಚಳ ಬಿಗಿದು ಟ್ಯಾಂಕಿನ ಮೂಲೆಯಲ್ಲಿ ಇಡಿ, ಬಾಲ್‌ಗೆ ತಾಗದ ಹಾಗೆ. ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ. ಸರಿಯಾಗಿ ಕ್ಲೀನ್ ಆಗದಿದ್ದರೆ ತೆಗೆದುಬಿಡಿ.

ಸೋರಿಕೆ ಪರೀಕ್ಷೆಯನ್ನೂ ಮಾಡಿ. ಟ್ಯಾಂಕಿನಿಂದ ಕಮೋಡಿನ ಒಳಗೆ ನೂಲಿನಂತೆ ನೀರು ಇಳಿಯುತ್ತಲೇ ಇದ್ದರೂ ಸದ್ದೇ ಬರುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಲೋಟ ಗಟ್ಟಿ ಕಾಫಿ ಡಿಕಾಕ್ಷನ್ ಟ್ಯಾಂಕಿಗೆ ಸುರಿಯಿರಿ. ಫ್ಲಶ್ ಮಾಡಬೇಡಿ. ಅರ್ಧ ಗಂಟೆ ಬಿಟ್ಟು ಕಮೋಡಿನ ಬಿಳಿ ಮೈ ನೋಡಿ. ಕಂದು ಗೆರೆ ಇಳಿದಿದ್ದರೆ ಟ್ಯಾಂಕಿನ ತಳದ ರಬ್ಬರ್ ಹೋಗಿದೆ ಅಂತ ಅರ್ಥ. ಅದೊಂದನ್ನೇ ಬದಲಿಸಬಹುದು, ಇಡೀ ಟ್ಯಾಂಕ್ ಬೇಡ.

ಪ್ರಶ್ನೆ: ನಮ್ಮದು ಅರಸೀಕೆರೆ. ಬೋರ್‌ವೆಲ್ ನೀರು. ನಲ್ಲಿ, ಟೈಲ್ಸ್, ಬಕೆಟ್ ಎಲ್ಲದರ ಮೇಲೂ ಬಿಳಿ ಕರೆ. ವಾರಕ್ಕೊಮ್ಮೆ ಆ್ಯಸಿಡ್ ಹಾಕಿ ಉಜ್ಜುತ್ತೇನೆ. ಎರಡು ವರ್ಷಕ್ಕೆ ಗೀಸರ್ ಕಾಯಿಲ್ ಹೋಯಿತು. ಹೊಸ ಬಾತ್‌ರೂಮಿಗೆ ಯಾವ ಟೈಲ್ಸ್ ಹಾಕಿದರೆ ಕರೆ ಕೂರಲ್ಲ?
ಶಿಕ್ಷಕಿ, ಅರಸೀಕೆರೆ

ಉತ್ತರ: ಮೇಡಂ, ಕರೆ ಕೂರದ ಟೈಲ್ಸ್ ಇಲ್ಲ. ಕಾಣದ ಟೈಲ್ಸ್ ಇದೆ: ತಿಳಿ ಬಣ್ಣದ್ದು, ಹೊಳಪಿಲ್ಲದ್ದು, ಸ್ವಲ್ಪ ದೊಡ್ಡ ಅಳತೆಯದು, ಸಂದು ಕಡಿಮೆ ಆಗುತ್ತದೆ. ಕಪ್ಪು ಹೊಳೆಯುವ ಟೈಲ್ಸ್ ನಿಮ್ಮ ಕಡೆ ಖಂಡಿತ ಬೇಡ. ಸ್ನಾನ ಆದ ಮೇಲೆ ಗೋಡೆ ನೀರನ್ನು ವೈಪರಿನಿಂದ ಎಳೆದುಬಿಟ್ಟರೆ ಕರೆಯ ಮುಕ್ಕಾಲು ಕೆಲಸ ಅಲ್ಲಿಗೇ ಮುಗಿಯಿತು. ನೀರು ಒಣಗಿದಾಗ ಉಳಿಯುವ ಸುಣ್ಣದ ಅಂಶವೇ ಕರೆ.

ಆ್ಯಸಿಡ್ ನಿಲ್ಲಿಸಿ, ದಯವಿಟ್ಟು. ಅದು ಸಂದಿನ ಸಿಮೆಂಟನ್ನು ತಿನ್ನುತ್ತದೆ, ಆ ಸಂದಿನಿಂದ ನೀರು ಗೋಡೆಗೆ ಇಳಿಯುತ್ತದೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಮಲ ಕರಗಿಸುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಆ್ಯಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಉಜ್ಜುವವರಿಗೆ ಅದು ಪ್ರಾಣಕ್ಕೇ ಬರುತ್ತದೆ. ನಲ್ಲಿ ಮೇಲಿನ ಕರೆಗೆ ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ, ಆಮೇಲೆ ಹಳೇ ಬ್ರಷ್ಷಿನಲ್ಲಿ ಉಜ್ಜಿ. ಹಿತ್ತಾಳೆ ನಲ್ಲಿ ಇದ್ದರೆ ಹುಣಸೆಹಣ್ಣು ಇದ್ದೇ ಇದೆ.

ಗೀಸರ್ ಕಾಯಿಲ್ ಹೋದದ್ದೂ ಇದೇ ಸುಣ್ಣದಿಂದ. ನೀರು ಜಾಸ್ತಿ ಕಾದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತದೆ, ಕಾಯಿಲ್ ಸುತ್ತ ಚಿಪ್ಪು ಕಟ್ಟಿದರೆ ನೀರು ಕಾಯಲು ಹೊತ್ತೂ ಹಿಡಿಯುತ್ತದೆ. ಥರ್ಮೋಸ್ಟಾಟ್ 70ರಲ್ಲಿ ಇದ್ದರೆ 50-55ಕ್ಕೆ ಇಳಿಸಿ. ವರ್ಷಕ್ಕೊಮ್ಮೆ ಬಿಚ್ಚಿಸಿ ಚಿಪ್ಪು ತೆಗೆಸಿ, ಆಗ ಒಳಗಿನ ಮೆಗ್ನೀಸಿಯಂ ಸರಳು ಸವೆದಿದ್ದರೆ ಅದನ್ನೂ ಬದಲಿಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವುದು ಆ ಸರಳು. ಕೈಲಾದರೆ ಮಳೆನೀರು ಹಿಡಿಯಿರಿ. ಸಾವಿರ ಚದರ ಅಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಪೋಲಾದದ್ದು ಕಳೆದು 700 ಲೀಟರಿಗೆ ಮೋಸವಿಲ್ಲ. ಮಳೆನೀರಿನಲ್ಲಿ ಸುಣ್ಣದ ಅಂಶ ಇರುವುದಿಲ್ಲ. ಅದು ಗೀಸರ್‌ಗೂ ಒಳ್ಳೆಯದು, ತಲೆಕೂದಲಿಗೂ ಒಳ್ಳೆಯದು.

ಪ್ರಶ್ನೆ: ಸಕಲೇಶಪುರದ ನಮ್ಮ ಹೆಂಚಿನ ಮನೆ ಬಚ್ಚಲಲ್ಲಿ ಮಳೆಗಾಲ ಪೂರ್ತಿ ಬೂಸ್ಟು. ಹಗಲಲ್ಲೂ ಲೈಟ್ ಹಾಕಬೇಕು.
ಓದುಗರು, ಸಕಲೇಶಪುರ

ಉತ್ತರ: ಎರಡು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿ. ಹಗಲಿಗೆ ಲೈಟ್ ಬೇಡ. ಬಾಗಿಲ ಅಡಿಯಲ್ಲಿ ಒಂದು ಇಂಚು ಸಂದು ಬಿಟ್ಟು, ಎದುರು ಗೋಡೆಯ ಮೇಲೆ ಗಾಳಿಕಿಂಡಿ ಇಟ್ಟರೆ ಗಾಳಿ ತಾನೇ ಆಡುತ್ತದೆ. ಸಾಲದಿದ್ದರೆ ಸಣ್ಣ ಎಕ್ಸಾಸ್ಟ್ ಫ್ಯಾನ್, ಸ್ನಾನ ಆದ ಮೇಲೆ ಹತ್ತು ಹದಿನೈದು ನಿಮಿಷ. ಟೈಲ್ಸ್ ಮೇಲಿನ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿಯಬೇಡಿ, ತೇವ ಒಳಗೇ ಸಿಕ್ಕಿಕೊಂಡು ಸಿಪ್ಪೆ ಏಳುತ್ತದೆ. ಸುಣ್ಣ ಹೊಡೆಸಿ. ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ, ಕ್ಷಾರ ಇರುವುದರಿಂದ ಬೂಸ್ಟು ಬೇಗ ಹಿಡಿಯುವುದಿಲ್ಲ. ಮಳೆಗಾಲ ಶುರುವಾಗುವ ಮುಂಚೆ ವರ್ಷಕ್ಕೊಂದು ಕೈ.

ಪ್ರಶ್ನೆ: ಬೇಲೂರು ತಾಲ್ಲೂಕಿನ ಹಳ್ಳಿಯಲ್ಲಿ ಹೊಸದಾಗಿ ಬಚ್ಚಲು, ಟಾಯ್ಲೆಟ್ ಕಟ್ಟಿಸುತ್ತಿದ್ದೇವೆ. ಸ್ನಾನದ ನೀರನ್ನು ತೆಂಗಿಗೆ ಬಿಡಬಹುದಾ? ಸೋಪು ಇರುತ್ತಲ್ಲ?
ರೈತರು, ಬೇಲೂರು ತಾಲ್ಲೂಕು

ಉತ್ತರ: ಖಂಡಿತ ಬಿಡಬಹುದು. ನಮ್ಮ ಹಿರಿಯರು ಬಚ್ಚಲ ಮೋರಿ ಕೊನೆಯಲ್ಲಿ ಬಾಳೆ, ಕೆಸು ಹಾಕುತ್ತಿದ್ದದ್ದು ಇದಕ್ಕೇ. ಹೊಸದಾಗಿ ಕಟ್ಟಿಸುತ್ತಿರುವುದರಿಂದ ಈಗಲೇ ಒಂದು ಕೆಲಸ ಮಾಡಿ, ಸ್ನಾನದ ನೀರಿಗೆ ಬೇರೆ ಪೈಪು, ಟಾಯ್ಲೆಟ್ಟಿಗೆ ಬೇರೆ ಪೈಪು ಎಳೆಸಿ. ಈಗ ಆಗುವ ಹೆಚ್ಚಿನ ಖರ್ಚು ಸ್ವಲ್ಪ. ಆಮೇಲೆ ಬೇರೆ ಮಾಡಿಸುತ್ತೇನೆ ಅಂದರೆ ನೆಲ ಅಗೆಯಬೇಕು. ಟಾಯ್ಲೆಟ್ ನೀರು ಯಾವ ಕಾರಣಕ್ಕೂ ಗಿಡಕ್ಕೆ ನೇರ ಹೋಗಬಾರದು.

ಸ್ನಾನದ ನೀರು ಹೊರಗೆ ಬೀಳುವ ಕಡೆ ಮೂರು ಅಡಿ ಆಳದ ಗುಂಡಿ ತೆಗೆದು ಅಡಿಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಿ. ಕೂದಲು, ಸೋಪಿನ ಜಿಡ್ಡು ಮೇಲೇ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಮೇಲಿನ ಮರಳು ಕೆರೆದು ಹೊಸದು ಹಾಕಿದರೆ ಸಾಕು. ಅಲ್ಲಿಂದ ಇಳಿಜಾರಿನಲ್ಲಿ ಬಾಳೆ, ತೆಂಗು, ಕಾಬಾಳೆ ಬುಡಕ್ಕೆ ಹೋಗಲಿ. ತೊಟ್ಟಿಯಲ್ಲಿ ಹಿಡಿದು ದಿನಗಟ್ಟಲೆ ಇಡಬೇಡಿ, ನಾತ ಬರುತ್ತದೆ, ಸೊಳ್ಳೆ ಆಗುತ್ತದೆ. ಮಾಮೂಲಿ ಸೋಪಿಗೆ ಬಾಳೆ ತಡೆದುಕೊಳ್ಳುತ್ತದೆ. ಬ್ಲೀಚು, ಫಿನಾಯಿಲ್, ಆ್ಯಸಿಡ್ ಹಾಕಿ ತೊಳೆದ ದಿನ ಆ ನೀರು ಬೇರೆ ಕಡೆ ತಿರುಗಿಸಿ. ಹಸಿಯಾಗಿ ತಿನ್ನುವ ಸೊಪ್ಪಿಗೆ, ಮೂಲಂಗಿ ಮಡಿಗೆ ಈ ನೀರು ಬೇಡ.

ಟಾಯ್ಲೆಟ್ಟಿಗೆ ದೊಡ್ಡ ಸೆಪ್ಟಿಕ್ ಟ್ಯಾಂಕ್ ಬದಲು ಅವಳಿ ಗುಂಡಿ ನೋಡಿ. ಒಂದು ತುಂಬಿದರೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಎರಡು ವರ್ಷ ಹಾಗೇ ಬಿಟ್ಟರೆ ಮೊದಲನೆಯದು ವಾಸನೆ ಇಲ್ಲದ ಗೊಬ್ಬರ. ಇಳಿಜಾರು ಜಾಸ್ತಿ ಇರುವ ಗ್ರಾಮೀಣ ಪ್ಯಾನ್ ಹಾಕಿಸಿದರೆ ಎರಡು ಲೀಟರ್ ನೀರು ಸುರಿದರೂ ಸಾಕು. ಬಾವಿ ಹತ್ತಿರ ಮಾತ್ರ ಬೇಡ, ಕನಿಷ್ಠ 15 ಮೀಟರ್ ದೂರ ಇರಲಿ. ಮಳೆಗಾಲದಲ್ಲಿ ನೀರು ಮೇಲಕ್ಕೇ ಬರುವ ಜಾಗವಾದರೆ ಗುಂಡಿಯನ್ನು ನೆಲದಿಂದ ಎತ್ತರಿಸಿ ಕಟ್ಟಿಸಿ.

ಪ್ರಶ್ನೆ: ಬಾತ್‌ರೂಮ್ 4 ಅಡಿಗೆ 5 ಅಡಿ. ಗೀಸರ್ ಬಿಲ್ ಉಳಿಸಲು ಒಳಗೇ ಗ್ಯಾಸ್ ಗೀಸರ್ ಹಾಕಿಸೋಣ ಅಂತಿದ್ದೇನೆ. ಒಳ್ಳೆಯದಾ?
ಓದುಗರು, ಕಡೂರು

ಉತ್ತರ: ಒಳಗೆ ಬೇಡವೇ ಬೇಡ. ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದರೆ ಗಾಳಿಯ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬೀಳುತ್ತಾರೆ, ಚಿಲಕ ಒಳಗಿನಿಂದ ಹಾಕಿರುತ್ತದೆ. ಹಾಕಿಸಲೇಬೇಕು ಅಂದರೆ ಗೀಸರ್, ಸಿಲಿಂಡರ್ ಎರಡೂ ಹೊರಗಿನ ಗೋಡೆಗೆ, ಮಳೆ ಬೀಳದಂತೆ ಸಣ್ಣ ಮಾಡಿನಡಿ ಇರಲಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಜ್ವಾಲೆ ನೀಲಿ ಬದಲು ಹಳದಿ ಆದರೆ ತಕ್ಷಣ ನಿಲ್ಲಿಸಿ ರಿಪೇರಿಗೆ ಕರೆಸಿ.

ಉಳಿತಾಯವೂ ಅಷ್ಟಕ್ಕಷ್ಟೇ. 14.2 ಕೆಜಿ ಸಿಲಿಂಡರಿನಿಂದ ನೀರಿಗೆ ಸಿಗುವ ಶಾಖ ಸುಮಾರು 145 ಯೂನಿಟ್ ಕರೆಂಟಿಗೆ ಸಮ. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದರೆ 870 ರೂಪಾಯಿ. ನೀವು ಸಿಲಿಂಡರಿಗೆ ಕೊಡುವ ದುಡ್ಡು ಪಕ್ಕದಲ್ಲಿಟ್ಟು ನೋಡಿ. ಕಡೂರಿನ ಬಿಸಿಲಿಗೆ ಸೋಲಾರ್ ಬಿಟ್ಟು ಬೇರೆ ಯಾವುದೂ ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ನಾವು ಹಾಸನದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಓನರ್ ಏನೂ ಮಾಡಿಸಿಕೊಡಲ್ಲ. ಸಾವಿರ ರೂಪಾಯಿ ಒಳಗೆ ಏನಾದರೂ ಮಾಡಬಹುದಾ?
ಓದುಗರು, ಹಾಸನ

ಉತ್ತರ: ಬೇಕಾದಷ್ಟು ಮಾಡಬಹುದು. ಬೇಸಿನ್ ನಲ್ಲಿಯ ತುದಿಗೆ ಗಾಳಿ ಬೆರೆಸಿ ನೀರು ಬಿಡುವ ಸಣ್ಣ ಜಾಲರಿ ಸಿಗುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಏರೇಟರ್ ಅಂತ ಕೇಳಿ. ಕೈ ತೊಳೆಯಲು ಅರ್ಧ ನೀರು ಸಾಕಾಗುತ್ತದೆ. ಬಕೆಟ್ ನಲ್ಲಿಗೆ ಇದು ಬೇಡ, ತುಂಬಲು ಹೊತ್ತು ಹಿಡಿಯುತ್ತದೆಯೇ ಹೊರತು ನೀರೇನೂ ಉಳಿಯುವುದಿಲ್ಲ. ಶವರ್ ಇದ್ದರೆ ಒಂದು ನಿಮಿಷ ಬಕೆಟ್ಟಿಗೆ ಬಿಟ್ಟು ಅಳೆಯಿರಿ. 10 ಲೀಟರ್ ದಾಟಿದರೆ 6 ಲೀಟರಿನ ಶವರ್ ತಲೆ ತಂದು ಹಾಕಿ, ಕೈಯಲ್ಲೇ ತಿರುಗಿಸಿ ಬಿಗಿಯಬಹುದು. ಗೀಸರನ್ನು ಸ್ನಾನಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಹಾಕಿ, ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್ ಬಳಸುವವರಾದರೆ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ, ಮಕ್ಕಳು ಇರುವ ಮನೆಯಲ್ಲಿ ಅದು ಬೇಡವೇ ಬೇಡ. ಬಲ್ಬು ಎಲ್‌ಇಡಿ ಮಾಡಿ.

ಬಿಚ್ಚಿ ತೆಗೆದ ಓನರ್ ಮನೆಯ ಹಳೇ ಜಾಲರಿ, ಶವರ್ ತಲೆಯನ್ನು ಒಂದು ಕವರಿನಲ್ಲಿ ಹಾಕಿ ಅಟ್ಟದ ಮೇಲೆ ಇಡಿ. ಮನೆ ಖಾಲಿ ಮಾಡುವಾಗ ಅವರದ್ದು ಅವರಿಗೆ ಹಾಕಿಕೊಟ್ಟು ನಿಮ್ಮದನ್ನು ಜೊತೆಗೆ ತೆಗೆದುಕೊಂಡು ಹೋಗಬಹುದು.